ಕೆರೆಯಲ್ಲಿ ಮುಳುಗಿಸಬೇಡಿ: ಟ್ರಾನ್ಸ್ ಬದುಕಿನ ಊಹಾಕಾದಂಬರಿ ಬರೆಯುವವರಿಗೆ

ನನ್ನ ಮೊದಲ ಕರಡಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಅಮಾವಾಸ್ಯೆಯ ರಾತ್ರಿ ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಮುಳುಗಿ, ಬೆಳಗಿನ ಜಾವ ಹುಡುಗಿಯಾಗಿ ಮೇಲೇಳುತ್ತಿದ್ದ. ಮುನ್ನೂರು ಪುಟ ಬರೆದು, ಬೈಂಡ್ ಮಾಡಿಸಿ, ಧಾರವಾಡದ ಒಬ್ಬ ಗೆಳತಿಗೆ ಕೊಟ್ಟೆ. ಆಕೆ ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡೆಂದು ಗುರುತಿಸಲಾದ ಹೆಣ್ಣು; ಕೈಗೆ ಸಿಕ್ಕಿದ್ದನ್ನೆಲ್ಲ ಓದುವವಳು, ಮುಲಾಜಿಲ್ಲದವಳು. ಹದಿನೈದು ದಿನ ಕಳೆದ ಮೇಲೆ ಲೈನ್ ಬಜಾರಿನ ಒಂದು ಚಹಾದಂಗಡಿಯಲ್ಲಿ ಆ ಕಟ್ಟನ್ನು ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದಳು: "ಸರಿ, ಕೆರೆಯಿಂದ ಎದ್ದಳು. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಪಾಸ್ ತೋರಿಸುವಾಗ ಏನು ಮಾಡಿದಳು?"

ನನ್ನ ಬಳಿ ಉತ್ತರವಿರಲಿಲ್ಲ. ಮುನ್ನೂರು ಪುಟಗಳಲ್ಲಿ ಚಂದ್ರನಿದ್ದ, ತಾವರೆಯಿತ್ತು, ನೀರಿನೊಳಗಿನ ಗಂಟೆಯ ನಾದವಿತ್ತು. ಬಸ್ ಪಾಸ್ ಇರಲಿಲ್ಲ.

ಈ ಲೇಖನ ಆ ಬಸ್ ಪಾಸಿನಿಂದ ಶುರುವಾಗುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ನೆಲದಲ್ಲಿ ಕಾಲೂರಿ, ಟ್ರಾನ್ಸ್ ವ್ಯಕ್ತಿಯೊಬ್ಬರು ಬೆಳೆಯುವ ಕಥೆಯನ್ನು ಕಲ್ಪನೆಯ ಬಲದಿಂದ ಹೇಳಬೇಕೆನ್ನುವವರಿಗಾಗಿ, ಎರಡನೆಯ ಕರಡಿಗೆ ನಾನು ಮಾಡಿದ ಕೆಲಸಗಳನ್ನು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ನಾನು ಟ್ರಾನ್ಸ್ ಅಲ್ಲ. ನೀವು ಆಗಿದ್ದರೆ ನಾಲ್ಕನೆಯ ಹೆಜ್ಜೆಯ ಅರ್ಧವನ್ನು ದಾಟಿ ಹೋಗಬಹುದು. ಕ್ರಿಯಾಪದದ ಭಾಗವನ್ನು ಮಾತ್ರ ಬಿಡಬೇಡಿ.

ಒಂದನೆಯ ಹೆಜ್ಜೆ: ಪವಾಡವನ್ನು ಮೈಮೇಲಿಂದ ಎತ್ತಿ ಬೇರೆಡೆ ಇಡಿ

ಊಹಾಕಾದಂಬರಿ ಎಂದರೆ ‘ಹೀಗಿದ್ದಿದ್ದರೆ’ ಎಂಬ ಒಂದು ಪ್ರಶ್ನೆಯನ್ನು ಹಟ ಹಿಡಿದು ಕೊನೆಯ ಪುಟದವರೆಗೆ ಒಯ್ಯುವ ಕಥೆ. ಅದರೊಳಗೆ ವಿಜ್ಞಾನವಿರಬಹುದು, ಮಾಯೆಯಿರಬಹುದು, ಬೇರೆ ದಾರಿ ಹಿಡಿದ ಇತಿಹಾಸವೂ ಇರಬಹುದು. ಟ್ರಾನ್ಸ್ ಪಾತ್ರ ಸಿಕ್ಕ ಕೂಡಲೇ ಹೊಸ ಲೇಖಕರು ಆ ಪ್ರಶ್ನೆಯನ್ನು ನೇರವಾಗಿ ದೇಹದ ಮೇಲೆ ಹೇರುತ್ತಾರೆ. ಒಂದು ಕೆರೆ, ಒಂದು ಗುಳಿಗೆ, ಒಂದು ಯಂತ್ರ, ಒಬ್ಬ ಮುನಿಯ ಶಾಪ. ರಾತ್ರೋರಾತ್ರಿ ಎಲ್ಲ ಮುಗಿಯುತ್ತದೆ, ಕಾದಂಬರಿಯೂ ಅಲ್ಲಿಗೇ ಮುಗಿಯುತ್ತದೆ.

ಈ ಅಚ್ಚು ನಮಗೆ ಹಳೆಯ ಕಥೆಗಳಿಂದ ಬಂದದ್ದು. ಗದಗಿನ ವೀರನಾರಾಯಣ ದೇವಸ್ಥಾನದಲ್ಲಿ ಕುಮಾರವ್ಯಾಸ ಕುಳಿತು ಬರೆದನೆಂದು ತೋರಿಸುವ ಕಂಬವಿದೆ. ಅದರ ಮುಂದೆ ನಿಂತರೆ ವಿರಾಟಪರ್ವದ ಬೃಹನ್ನಳೆ ನೆನಪಾಗದೆ ಇರುವುದಿಲ್ಲ. ಆದರೆ ಆ ಕಥೆಯ ಆಕಾರವನ್ನು ಗಮನಿಸಿ: ಶಾಪಕ್ಕೆ ಒಂದು ವರ್ಷದ ಗಡುವು. ಗಡುವು ಮುಗಿದ ಮೇಲೆ ಅರ್ಜುನ ಅರ್ಜುನನೇ, ಗಾಂಡೀವ ಬನ್ನಿಮರದ ಮೇಲೆ ಕಾದಿರುತ್ತದೆ. ಮರಳಿ ಮೊದಲಿನಂತಾಗುವುದೇ ಅಲ್ಲಿ ಸುಖಾಂತ. ನಿಮ್ಮ ಪಾತ್ರಕ್ಕೆ ಮರಳುವುದೇ ಸೋಲು. ಹೀಗಾಗಿ ಆ ಆಕಾರವನ್ನು ಹಾಗೆಯೇ ಎತ್ತಿಕೊಂಡರೆ ಕಥೆ ನಿಮಗೆ ಗೊತ್ತಿಲ್ಲದೆ ತಿರುಗುಮುರುಗಾಗುತ್ತದೆ. ಮಹಾಭಾರತದ ಇನ್ನೊಂದು ಅಚ್ಚು ಶಿಖಂಡಿಯದು. ಅಲ್ಲಿ ದೇಹದ ಬದಲಾವಣೆಗೆ ಹಗೆ ಕಾರಣ, ಮತ್ತು ನಮ್ಮ ಪಾತ್ರಕ್ಕೆ ಯಾವ ಭೀಷ್ಮನೂ ಬೇಕಾಗಿಲ್ಲ. (ಇದೇ ಮಾತಿಗೆ: ಜೇಡರ ದಾಸಿಮಯ್ಯನ ‘ಮೊಲೆ ಮುಡಿ ಬಂದಡೆ ಹೆಣ್ಣೆಂಬರು’ ವಚನವನ್ನು ಮೊದಲ ಪುಟದಲ್ಲಿ ಹಾಕಬೇಡಿ. ವಚನ ದೊಡ್ಡದು, ನಿಜ. ಎಲ್ಲರೂ ಹಾಕುತ್ತಾರೆ. ನಾನೂ ಹಾಕಿದ್ದೆ.)

ಬದಲಿಗೆ ಹೀಗೆ ಮಾಡಿ. ನಿಮ್ಮ ಪಾತ್ರದ ಒಂದು ಸಾಮಾನ್ಯ ಮಂಗಳವಾರವನ್ನು ತೆಗೆದುಕೊಂಡು, ಬೆಳಗಿನಿಂದ ರಾತ್ರಿಯವರೆಗೆ ಎಲ್ಲೆಲ್ಲಿ ಆ ಜೀವ ಮುಗ್ಗರಿಸುತ್ತದೆ ಎಂದು ಇಪ್ಪತ್ತು ಸಾಲು ಬರೆಯಿರಿ. ಕಾಲೇಜಿನ ಹಾಜರಿ. ಬಾಡಿಗೆ ಮನೆಯ ಮಾಲೀಕರ ಎರಡನೆಯ ಪ್ರಶ್ನೆ. ಬಸ್ಸಿನಲ್ಲಿ ಪಕ್ಕದವರು ಸರಿದು ಕೂರುವ ರೀತಿ. ಶೌಚಾಲಯದ ಎರಡು ಬಾಗಿಲು. ಆಸ್ಪತ್ರೆಯ ಚೀಟಿ ಬರೆಯುವವರು ಮುಖ ನೋಡಿ, ಚೀಟಿ ನೋಡಿ, ಮತ್ತೆ ಮುಖ ನೋಡುವುದು. ತಂಗಿಯ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ‘ಬಂಧುಮಿತ್ರರ ಆಗಮನಾಭಿಲಾಷಿಗಳು’ ಎಂಬುದರ ಕೆಳಗೆ ಯಾವ ಹೆಸರು ಅಚ್ಚಾಗಬೇಕು ಎಂಬುದು. ಇಪ್ಪತ್ತರಲ್ಲಿ ಅತಿ ಚಿಕ್ಕದನ್ನು ಆರಿಸಿ, ಪವಾಡವನ್ನು ಅಲ್ಲಿಡಿ.

ನಾನು ಆಮಂತ್ರಣ ಪತ್ರಿಕೆಯನ್ನು ಆರಿಸಿದೆ. ಕಥೆ ತಾನಾಗಿಯೇ ಗದಗಿಗೆ ಹೋಯಿತು, ಏಕೆಂದರೆ ಗದಗು ಮುದ್ರಣ ಕಾಶಿ. ಅಲ್ಲೊಂದು ಹಳೆಯ ಮುದ್ರಣಾಲಯ, ಸೀಸದ ಅಚ್ಚುಮೊಳೆ ಜೋಡಿಸುವ ಒಬ್ಬ ಮುದುಕ. ರಾತ್ರಿ ಅಲ್ಲಿ ಮೊಳೆ ಜೋಡಿಸಿದ ಹೆಸರು ಬೆಳಗಾಗುವುದರೊಳಗೆ ಜಗತ್ತಿನ ಎಲ್ಲ ಕಾಗದಗಳಲ್ಲಿಯೂ ಹಾಗೆಯೇ ಆಗಿರುತ್ತದೆ: ಅಂಕಪಟ್ಟಿ, ಪಡಿತರ ಚೀಟಿ, ಹೊಲದ ಪಹಣಿ. ಇಷ್ಟೇ. ದೇಹವನ್ನು ಯಾರೂ ಮುಟ್ಟುವುದಿಲ್ಲ.

ಪಟ್ಟಿಯಿಂದ ಇನ್ನೂ ಎರಡು ಕಥೆಗಳು ಹುಟ್ಟಿದ್ದವು. ಒಂದು, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನದು. ಮುಂದಿನ ನಿಲ್ದಾಣದ ಹೆಸರು ಹೇಳುವ ದನಿ ಒಂದು ದಿನ ಇಳಿಯುವವರ ಹೆಸರನ್ನೂ ಹೇಳತೊಡಗುತ್ತದೆ. ಕಾರ್ಡಿನಲ್ಲಿರುವ ಹೆಸರನ್ನಲ್ಲ, ಮನಸ್ಸಿನಲ್ಲಿರುವುದನ್ನು. ಇನ್ನೊಂದು ಹುಬ್ಬಳ್ಳಿ ರೈಲು ನಿಲ್ದಾಣದ್ದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅಲ್ಲಿಯ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ನೂರು ಮೀಟರ್ ನಡೆದರೆ ಒಂದು ವರ್ಷ ಕಳೆಯುತ್ತದೆ ಎಂದುಕೊಳ್ಳಿ. ಒಂದು ತುದಿಯಲ್ಲಿ ಮನೆ ಬಿಟ್ಟು ಬಂದ ಹದಿನೇಳರ ಜೀವ, ಇನ್ನೊಂದು ತುದಿಯಲ್ಲಿ ಮೂವತ್ತೆರಡರ ಹೆಂಗಸು. ನಡುವೆ ಹದಿನೈದು ವರ್ಷ, ಓಡಿದರೂ ತಪ್ಪದ ಹದಿನೈದು ವರ್ಷ. ಬೇಕಾದವರು ಬರೆಯಿರಿ. ಎರಡನೆಯದನ್ನು ಬಿಟ್ಟುಕೊಡಲು ನನಗೆ ಸ್ವಲ್ಪ ಸಂಕಟವಾಗುತ್ತಿದೆ.

ಎರಡನೆಯ ಹೆಜ್ಜೆ: ಪವಾಡದ ಕೈಗೆ ಎಟುಕದ್ದನ್ನು ಬರೆದಿಡಿ

ಒಂದೇ ಹಾಳೆ ಸಾಕು. ಎಡಕ್ಕೆ ಅದರಿಂದ ಏನಾಗುತ್ತದೆ, ಬಲಕ್ಕೆ ಏನಾಗುವುದಿಲ್ಲ, ಕೆಳಗೆ ಅದಕ್ಕೆ ತೆರಬೇಕಾದ ಬೆಲೆ. ಬಲಗಡೆ ಎಡಗಡೆಗಿಂತ ಉದ್ದವಾಗುವವರೆಗೆ ಕಾದಂಬರಿ ಶುರು ಮಾಡಬೇಡಿ. ಗೋಡೆಗೆ ಅಂಟಿಸಿದ ನನ್ನ ಹಾಳೆಯಲ್ಲಿ ಬಲಗಡೆ ಹೀಗಿತ್ತು: ಮುದ್ರಣಾಲಯ ಕಾಗದವನ್ನು ಬದಲಿಸುತ್ತದೆ, ನಾಲಿಗೆಯನ್ನು ಬದಲಿಸುವುದಿಲ್ಲ, ಒಬ್ಬರಿಗೆ ಒಂದೇ ಸಲ, ಸತ್ತವರ ಹೆಸರಿಗೆ ನಡೆಯುವುದಿಲ್ಲ, ತನ್ನ ಹೆಸರಿನ ಮೊಳೆಯನ್ನು ತಾನೇ ಜೋಡಿಸಬೇಕು, ಅಂದರೆ ಮೊದಲು ಆ ಕಸುಬನ್ನು ಕಲಿಯಬೇಕು. ಕೊನೆಯ ನಿಯಮ ನನಗೆ ಪುಕ್ಕಟೆಯಾಗಿ ಆರು ಅಧ್ಯಾಯ ಕೊಟ್ಟಿತು.

ಬೆಲೆಯ ಮುಂದೆ ಬರೆದದ್ದು: ಹಳೆಯ ಹೆಸರು ಕಾಗದದಿಂದ ಹೋದ ಮೇಲೆ, ಅದನ್ನು ಬಲ್ಲವರ ನೆನಪಿನಿಂದಲೂ ಒಬ್ಬೊಬ್ಬರಾಗಿ ಹೋಗುತ್ತದೆ. ಮೊದಲು ಶಾಲೆಯ ಮಾಸ್ತರು, ನಂತರ ಓಣಿಯವರು, ಕಟ್ಟಕಡೆಗೆ ತಾಯಿ. ನನ್ನ ಕಥೆಯ ನಾಯಕಿ ನೀಲವ್ವನಿಗೆ ಮೊದಮೊದಲು ಇದು ಬೆಲೆ ಎನಿಸುವುದಿಲ್ಲ, ಬಹುಮಾನ ಎನಿಸುತ್ತದೆ. ಮರೆತ ತಾಯಿಗೂ ಒಪ್ಪಿಕೊಂಡ ತಾಯಿಗೂ ಎಷ್ಟು ಅಂತರವಿದೆ ಎಂದು ಅವಳಿಗೆ ಅರಿವಾಗಲು ನೂರಿಪ್ಪತ್ತು ಪುಟ ಬೇಕಾಯಿತು. ನನಗೆ ಬರೆಯಲು ಎರಡು ವರ್ಷ.

ಪವಾಡ ಮುಟ್ಟದ ಎಲ್ಲವೂ ವಾಸ್ತವದ ನಿಯಮದಂತೆಯೇ ನಡೆಯಬೇಕು. ದೇಹದ ವಿಷಯದಲ್ಲಿ ಇದು ಬಹಳ ಮುಖ್ಯ, ಏಕೆಂದರೆ ತಪ್ಪುಗಳೆಲ್ಲ ಅಲ್ಲೇ ಆಗುತ್ತವೆ. ಟ್ರಾನ್ಸ್ ಮಹಿಳೆ ಈಸ್ಟ್ರೋಜನ್ ತೆಗೆದುಕೊಂಡರೆ ದನಿ ತೆಳುವಾಗುವುದಿಲ್ಲ. ಒಡೆದ ದನಿ ಒಡೆದೇ ಇರುತ್ತದೆ; ಅಭ್ಯಾಸದಿಂದ ಅದನ್ನು ಪಳಗಿಸಬೇಕು. ಬಲಿತ ಗಡ್ಡವೂ ಉದುರಿ ಹೋಗುವುದಿಲ್ಲ, ಅದಕ್ಕೆ ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ ಬೇಕು. ಎದೆಯ ಬೆಳವಣಿಗೆ ಕೆಲವು ತಿಂಗಳಿಗೆ ಶುರುವಾಗಿ ಎರಡು-ಮೂರು ವರ್ಷ ಹಿಡಿಯುತ್ತದೆ. ಟ್ರಾನ್ಸ್ ಪುರುಷ ಟೆಸ್ಟೋಸ್ಟೆರಾನ್ ತೆಗೆದುಕೊಂಡರೆ ಮಾತ್ರ ದನಿ ತಿಂಗಳುಗಳಲ್ಲಿ ಗಡುಸಾಗುತ್ತದೆ. ಔಷಧ ನಿಲ್ಲಿಸಿದರೂ ಆ ದನಿ ಹಿಂದಿರುಗುವುದಿಲ್ಲ. ‘ಒಂದು ವಾರದ ಇಂಜೆಕ್ಷನ್ನಿಗೆ ಕನ್ನಡಿಯಲ್ಲಿ ಬೇರೆ ಮುಖ’ ಎಂಬ ಸಾಲು ಬರೆದಿದ್ದರೆ ಈಗಲೇ ಹೊಡೆದುಹಾಕಿ. ಶಸ್ತ್ರಚಿಕಿತ್ಸೆ ಬೇಡವೆನ್ನುವವರೂ, ಯಾವ ಔಷಧವನ್ನೂ ಮುಟ್ಟದವರೂ ಇದ್ದಾರೆ. ಅವರೇನೂ ಅರ್ಧ ದಾರಿಯಲ್ಲಿ ನಿಂತವರಲ್ಲ.

ಮೂರನೆಯ ಹೆಜ್ಜೆ: ಕ್ರಿಯಾಪದದ ಮುಂದೆ ಕುಳಿತುಕೊಳ್ಳಿ

ಇದಕ್ಕೊಂದು ವಾರ ಕೊಡಿ. ಕನ್ನಡದಲ್ಲಿ ಈ ಕಾದಂಬರಿ ಬರೆಯುವವರಿಗೆ ಭಾಷೆಯೇ ಅರ್ಧ ಕೆಲಸ ಮಾಡಿಟ್ಟಿದೆ, ನಾವು ನೋಡಿಲ್ಲ ಅಷ್ಟೇ.

‘ನಾನು ಬಂದೆ’ ಎಂದವರು ಗಂಡೋ ಹೆಣ್ಣೋ ಕನ್ನಡ ಹೇಳುವುದಿಲ್ಲ. ‘ನೀನು ಬಂದೆ’, ‘ನೀವು ಬಂದಿರಿ’, ‘ಅವರು ಬಂದರು’ ಕೂಡ ಹೇಳುವುದಿಲ್ಲ. ಲಿಂಗ ಕೂತಿರುವುದು ಒಂದೇ ಕಡೆ, ಪ್ರಥಮ ಪುರುಷದ ಏಕವಚನದಲ್ಲಿ: ಬಂದನು, ಬಂದಳು, ಬಂದಿತು. ಹುಬ್ಬಳ್ಳಿ-ಧಾರವಾಡದ ಮರಾಠಿ ಮನೆಗಳಲ್ಲಿ ಹೀಗಿಲ್ಲ. ಅಲ್ಲಿ ‘ನಾನು ಹೋದೆ’ ಎನ್ನಲು ಹುಡುಗ ‘ಗೇಲೋ’ ಎನ್ನಬೇಕು, ಹುಡುಗಿ ‘ಗೇಲೆ’ ಎನ್ನಬೇಕು. ಹಾಗಾಗಿ ಮರಾಠಿ ಮನೆಯಲ್ಲಿ ಬೆಳೆದ ಟ್ರಾನ್ಸ್ ಮಗು ಬಾಯಿ ತೆರೆದ ಪ್ರತಿ ಸಲವೂ ಒಂದು ಪಕ್ಷ ವಹಿಸಬೇಕಾಗುತ್ತದೆ, ಬೀದಿಗೆ ಬಂದು ಕನ್ನಡದಲ್ಲಿ ಮಾತಾಡಿದರೆ ಉಸಿರು ಬಿಡಬಹುದು. ಈ ಒಂದು ಸಂಗತಿಯ ಮೇಲೆ ಇಡೀ ಅಧ್ಯಾಯ ನಿಲ್ಲುತ್ತದೆ. ನನ್ನ ಕಾದಂಬರಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ನಿಮ್ಮದರಲ್ಲಿ ಮಾಡಿಕೊಳ್ಳಿ.

ಇನ್ನೊಂದು ಗುಟ್ಟು ನಿಷೇಧರೂಪಗಳದು. ‘ಅವನು ಬರಲಿಲ್ಲ’, ‘ಅವಳು ಬರಲಿಲ್ಲ’ ಎರಡರಲ್ಲೂ ಕ್ರಿಯಾಪದ ಒಂದೇ. ‘ಇಲ್ಲ’ ಎಂದು ಮುಗಿಯುವ ಕನ್ನಡದ ಕ್ರಿಯೆಗೆ ಲಿಂಗವಿಲ್ಲ. ‘ತಾನು’, ‘ತನ್ನ’ ಎಂಬ ಪದಗಳಿಗೂ ಇಲ್ಲ. ಇದು ಗೊತ್ತಾದ ಮೇಲೆ ಮೊದಲ ನಾಲ್ಕು ಅಧ್ಯಾಯಗಳನ್ನು ಮತ್ತೆ ಬರೆದೆ. ನಿರೂಪಕನ ಮಾತಿನಲ್ಲಿ ಪಾತ್ರಕ್ಕೆ ಒಂದೂ ‘ನು’ ಇಲ್ಲ, ಒಂದೂ ‘ಳು’ ಇಲ್ಲ. ‘ತಟ್ಟೆ ಮುಂದೆ ಬಂದರೂ ಉಣ್ಣಲಿಲ್ಲ. ಅಣ್ಣ ಕರೆದರೂ ತಿರುಗಲಿಲ್ಲ. ತನ್ನ ನೆರಳು ಗೋಡೆಯ ಮೇಲೆ ಉದ್ದವಾಗುವುದು ಕಾಣುತ್ತಿತ್ತು.’ ಓದುಗರಿಗೆ ಏನೋ ಬಿಗಿದಂತೆ ಅನಿಸುತ್ತದೆ, ಏಕೆಂದು ತಿಳಿಯುವುದಿಲ್ಲ. ಐದನೆಯ ಅಧ್ಯಾಯದ ಮೂರನೆಯ ಪುಟದಲ್ಲಿ ಮುದ್ರಣಾಲಯದ ಮುದುಕ ಕೆಟ್ಟ ಹಾಸ್ಯವೊಂದನ್ನು ಹೇಳುತ್ತಾನೆ. ಅಲ್ಲಿ ಮೊದಲ ಸಲ: ‘ನಕ್ಕಳು.’

ನೀವೂ ಮಾಡಿ ನೋಡಿ. ಒಂದೇ ದೃಶ್ಯವನ್ನು ಮೂರು ಸಲ ಬರೆಯಿರಿ: ‘ನಾನು’ ಎಂದು, ‘ನೀನು’ ಎಂದು, ಕೊನೆಗೆ ‘ಅವಳು’ ಅಥವಾ ‘ಅವನು’ ಎಂದು. ಮೂರರಲ್ಲಿ ಯಾವುದು ಸುಳ್ಳಾಗಿ ಕೇಳುತ್ತದೆ ಎಂಬುದು ಗಟ್ಟಿಯಾಗಿ ಓದಿದರೆ ಗೊತ್ತಾಗುತ್ತದೆ. ‘ಅವರು’ ಎಂಬ ಗೌರವದ ಬಹುವಚನ ಸುಲಭವಾದ ದಾರಿಯಂತೆ ಕಾಣುತ್ತದೆ, ಲಿಂಗವೇ ಬೇಡವೆನ್ನುವವರ ಪಾತ್ರಕ್ಕೆ ಅದು ಸರಿಯೂ ಹೌದು. ಆದರೆ ಯಾವ ತಾಯಿಯೂ ಹೆತ್ತ ಮಗುವನ್ನು ‘ಅವರು’ ಎನ್ನುವುದಿಲ್ಲ. ಎಲ್ಲೆಡೆ ಅದನ್ನೇ ಬಳಸಿದರೆ ಕಾದಂಬರಿ ಸನ್ಮಾನ ಸಮಾರಂಭದ ವರದಿಯಂತಾಗುತ್ತದೆ.

ಹೆಸರಿನ ಆಯ್ಕೆಗೂ ಇಲ್ಲಿಯದೇ ಒಂದು ಸೊಗಸಿದೆ. ನಮ್ಮ ಕಡೆ ಬಸಪ್ಪ-ಬಸವ್ವ, ಮಲ್ಲಪ್ಪ-ಮಲ್ಲವ್ವ, ನೀಲಪ್ಪ-ನೀಲವ್ವ. ವಿಭಕ್ತಿ ಸೇರಿಸಿ ನೋಡಿ: ನೀಲಪ್ಪನಿಗೆ, ನೀಲವ್ವನಿಗೆ, ನೀಲಪ್ಪನ, ನೀಲವ್ವನ. ಬಾಲ ಒಂದೇ, ಬದಲಾಗುವುದು ನಡುವಿನ ಒಂದು ಒತ್ತಕ್ಷರ. ‘ಪ’ ಮತ್ತು ‘ವ’ ಎಷ್ಟು ಹತ್ತಿರದ ಆಕಾರಗಳೆಂದರೆ, ಸವೆದ ಅಚ್ಚುಮೊಳೆಯಲ್ಲಿ ಯಾವುದು ಯಾವುದೆಂದು ಹೇಳುವುದು ಕಷ್ಟ. ನನ್ನ ಕಾದಂಬರಿಯ ಪವಾಡ ಹುಟ್ಟಿದ್ದು ಇಲ್ಲಿಂದಲೇ: ಒಂದು ಆಮಂತ್ರಣ ಪತ್ರಿಕೆ, ಒಂದು ಸವೆದ ‘ಪ’. ಇನ್ನು ಅಡ್ಡಹೆಸರುಗಳಿಗೆ ಲಿಂಗದ ಗೊಡವೆಯೇ ಇಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬ ಮನೆತನಗಳಲ್ಲಿ ಹುಟ್ಟಿದವರು ಏನೇ ಆದರೂ ಮೆಣಸಿನಕಾಯಿಯಾಗಿಯೇ ಉಳಿಯುತ್ತಾರೆ.

ಹಳೆಯ ಹೆಸರನ್ನು ಓದುಗರಿಗೆ ಹೇಳಬೇಕೇ? ಅನೇಕ ಟ್ರಾನ್ಸ್ ಓದುಗರು ಬೇಡವೆನ್ನುತ್ತಾರೆ, ಅದಕ್ಕೆ ಕಾರಣವೂ ಇದೆ: ನಿಜಜೀವನದಲ್ಲಿ ಹಳೆಯ ಹೆಸರು ಕೆದಕುವುದೇ ಜನರ ಮೊದಲ ಚಟ. ನನ್ನ ಕಥೆ ಹೆಸರಿನ ಮೇಲೆಯೇ ನಿಂತಿದ್ದರಿಂದ ಬಿಡಲಾಗಲಿಲ್ಲ. ಗೆಳತಿಯೊಡನೆ ಜಗಳವಾಡಿ, ಕೊನೆಗೆ ಎಣಿಕೆಯ ಒಪ್ಪಂದ ಮಾಡಿಕೊಂಡೆವು. ಇಡೀ ಪುಸ್ತಕದಲ್ಲಿ ಏಳು ಸಲ, ನಿರೂಪಕನ ಬಾಯಲ್ಲಿ ಒಮ್ಮೆಯೂ ಅಲ್ಲ.

ಸಂಬಂಧವಾಚಕಗಳನ್ನು ಮರೆಯಬೇಡಿ. ಧಾರವಾಡದಲ್ಲಿ ಗುರುತಿಲ್ಲದ ಹುಡುಗಿಯನ್ನೂ ಅಂಗಡಿಯವರು ‘ತಂಗಿ’ ಎನ್ನುತ್ತಾರೆ, ಹುಡುಗನನ್ನು ‘ತಮ್ಮ’ ಎನ್ನುತ್ತಾರೆ. ಹುಬ್ಬಳ್ಳಿಯ ದುರ್ಗದಬೈಲಿನ ಸಂತೆಯ ಗದ್ದಲದಲ್ಲಿ ಬಳೆಯವನು ತಲೆಯೆತ್ತದೆ ‘ಏನು ಬೇಕು ತಂಗಿ’ ಎಂದು ಕೇಳಿಬಿಟ್ಟರೆ, ಅದಕ್ಕಿಂತ ದೊಡ್ಡ ಕ್ಲೈಮ್ಯಾಕ್ಸನ್ನು ಯಾವ ಮಂತ್ರವಾದಿಯೂ ಕೊಡಲಾರ.

ನಾಲ್ಕನೆಯ ಹೆಜ್ಜೆ: ಯಾರ ಕಥೆ ಎಂದು ತಿಳಿದುಕೊಳ್ಳಿ

ಜೋಗಪ್ಪ, ಹಿಜಡಾ, ಟ್ರಾನ್ಸ್ ಮಹಿಳೆ, ಟ್ರಾನ್ಸ್ ಪುರುಷ. ಇವು ಒಂದೇ ವಸ್ತುವಿನ ನಾಲ್ಕು ಹೆಸರುಗಳಲ್ಲ. ಜೋಗಪ್ಪಂದಿರದು ಎಲ್ಲಮ್ಮನ ಪರಂಪರೆ. ದೇವಿಗೆ ಮುಡಿಪಾಗಿ ಮುತ್ತು ಕಟ್ಟಿಸಿಕೊಂಡವರು, ಕೊಡ ಹೊರುವವರು, ಚೌಡಿಕೆ ನುಡಿಸಿ ಹಾಡುವವರು. ಧಾರವಾಡದಿಂದ ಸವದತ್ತಿ ಎಷ್ಟು ದೂರ? ಒಂದು ಮುಂಜಾನೆಯ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಗುಡ್ಡ ಇಳಿದಿರಬಹುದು. ಶಸ್ತ್ರಚಿಕಿತ್ಸೆ ಆ ಪರಂಪರೆಯ ಕಟ್ಟಳೆಯಲ್ಲ. ಹಿಜಡಾ ಸಮುದಾಯದಲ್ಲಿ ಗುರು-ಚೇಲಾ ಸಂಬಂಧ, ಹಮಾಮ್ ಎಂಬ ಮನೆ, ನಿರ್ವಾಣ ಎಂಬ ಶಸ್ತ್ರಕ್ರಿಯೆಯ ವಿಧಿ, ತಮ್ಮದೇ ರೀತಿ-ರಿವಾಜುಗಳಿವೆ. ಎರಡೂ ಇಲ್ಲದೆ ಕಾಲೇಜು, ಕಚೇರಿ, ಬಾಡಿಗೆ ಕೋಣೆಯಲ್ಲಿ ಬದುಕುವ ಟ್ರಾನ್ಸ್ ಜನ ಬಹಳ. ಟ್ರಾನ್ಸ್ ಪುರುಷರಂತೂ ನಮ್ಮ ಸಾಹಿತ್ಯದಲ್ಲಿ ಕಾಣುವುದೇ ಅಪರೂಪ. ಯಾರ ಬಗ್ಗೆ ಬರೆಯಲಿ ಎಂದು ನೀವು ಇನ್ನೂ ಯೋಚಿಸುತ್ತಿದ್ದರೆ ನನ್ನ ಸಲಹೆ ಅದೇ. ನಾಟಕ ಕಂಪನಿಗಳಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ಗಂಡಸರನ್ನು ಈ ಸಾಲಿಗೆ ಸುಮ್ಮನೆ ಸೇರಿಸಬೇಡಿ. ಬಣ್ಣ ಕಳಚಿ ಮನೆಗೆ ಹೋದವರ ಕಥೆ ಬೇರೆ.

ಊಹಾಕಾದಂಬರಿಕಾರರಿಗೆ ಜೋಗಪ್ಪ-ಜೋಗತಿಯರ ಈ ಪರಂಪರೆ ಒಂದು ಕಠಿಣ ಪ್ರಶ್ನೆ ಒಡ್ಡುತ್ತದೆ. ದೇವಿ ಮೈಮೇಲೆ ಬರುವುದು ಅಲ್ಲಿ ರೂಪಕವಲ್ಲ, ನಡೆಯುವ ಸಂಗತಿ. ಹಾಗಾದರೆ ನಿಮ್ಮ ಕಾದಂಬರಿಯ ಜಗತ್ತಿನಲ್ಲಿ ಎಲ್ಲಮ್ಮ ನಿಜವೇ? ಮೊದಲ ವಾಕ್ಯ ಬರೆಯುವ ಮುಂಚೆ ಇದನ್ನು ನಿರ್ಧರಿಸಿ. ‘ಅದು ಮಿದುಳಿನಲ್ಲಿಟ್ಟ ಎಲೆಕ್ಟ್ರಾನಿಕ್ ಚಿಪ್‌ನ ಪರಿಣಾಮ’ ಎಂದು ಕೊನೆಯಲ್ಲಿ ಜಾಣತನ ತೋರಿಸುವುದು ನಂಬಿದವರಿಗೂ ಅವಮಾನ, ನಂಬದವರಿಗೂ ಬೇಸರ. ಆ ಲೋಕ ಕಲೆಯ ಲೋಕವೂ ಹೌದೆಂದು ನೆನಪಿಡಿ. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದವರು, 2021ರಲ್ಲಿ ಪದ್ಮಶ್ರೀ ಪಡೆದವರು.

ಪದಗಳ ವಿಷಯ. ‘ಲಿಂಗತ್ವ ಅಲ್ಪಸಂಖ್ಯಾತರು’ ಸರ್ಕಾರಿ ಪತ್ರಕ್ಕೆ ಚೆನ್ನ, ಚಹಾ ಕುಡಿಯುತ್ತ ಯಾರೂ ಹಾಗೆ ಹೇಳುವುದಿಲ್ಲ. ‘ಮಂಗಳಮುಖಿ’ ಪತ್ರಿಕೆಗಳ ಪ್ರೀತಿಯ ಪದ. ಕೆಲವರು ಒಪ್ಪುತ್ತಾರೆ, ಕೆಲವರು ಮುಖ ಸಿಂಡರಿಸುತ್ತಾರೆ. ಯಾರ ಬಗ್ಗೆ ಬರೆಯುತ್ತೀರೋ ಅವರನ್ನೇ ಕೇಳಿ. ಬೈಗುಳಗಳು ಪಾತ್ರಗಳ ಬಾಯಲ್ಲಿ ಬರಬಹುದು, ನಿರೂಪಕನ ಬಾಯಲ್ಲಿ ಬರಕೂಡದು.

ಮಾತಾಡಿಸಲು ಹೋಗುವವರಿಗೆ ಮೂರು ಮಾತು. ಶಸ್ತ್ರಚಿಕಿತ್ಸೆ ಆಗಿದೆಯೇ ಎಂದು ಕೇಳಬೇಡಿ; ನಿಮ್ಮ ಮೈಯ ಬಗ್ಗೆ ಅಪರಿಚಿತರಿಗೆ ನೀವು ಹೇಳುವುದಿಲ್ಲ. ಒಬ್ಬರ ಅರ್ಧ ದಿನದ ದುಡಿಮೆ ನಿಮಗಾಗಿ ಹಾಳಾದರೆ ಅದರ ಹಣ ಕೊಡಿ, ನಾಚಿಕೆ ಬೇಡ. ಕೇಳಿದ ಕಥೆಯನ್ನು ಬಳಸುವ ಮುನ್ನ ಹೇಳಿ ಒಪ್ಪಿಗೆ ಪಡೆಯಿರಿ, ಗುರುತು ಹತ್ತದಷ್ಟು ಬದಲಿಸಿ. ನಾನು ಮೊದಲ ಸಲ ಪ್ರಶ್ನೆಪಟ್ಟಿ ಹಿಡಿದು ಹೋಗಿದ್ದೆ. ಅದನ್ನು ನೋಡಿ ಒಬ್ಬ ಹಿರಿಯ ಜೋಗತಿ, "ಜನಗಣತಿಗೆ ಬಂದಿರಾ?" ಎಂದರು. ಪಟ್ಟಿ ಚೀಲಕ್ಕೆ ಹೋಯಿತು. ಆ ಮೇಲೆ ಎರಡು ಗಂಟೆ ಅವರು ತಮ್ಮ ಎಮ್ಮೆಯ ಬಗ್ಗೆ ಮಾತಾಡಿದರು. ಕಾದಂಬರಿಯ ಅತಿ ಒಳ್ಳೆಯ ಅಧ್ಯಾಯ ಆ ಎಮ್ಮೆಯದು.

ಐದನೆಯ ಹೆಜ್ಜೆ: ಕ್ಯಾಲೆಂಡರ್ ಗೋಡೆಗೆ ಹಾಕಿ

ಕಥೆ ಯಾವ ವರ್ಷದಲ್ಲಿ ನಡೆಯುತ್ತದೋ ಆ ವರ್ಷದ ಕಾನೂನು ನೋಡಿಕೊಳ್ಳಿ, ಬದಲಿಸುವುದಾದರೆ ಬೇಕೆಂದೇ ಬದಲಿಸಿ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮು ಈ ಸಮುದಾಯದವರ ಹೆಸರು-ವಿಳಾಸದ ಪಟ್ಟಿ ಇಡಲು ದಾರಿ ಮಾಡಿತ್ತು. ಸಮುದಾಯವನ್ನೇ ಬೊಟ್ಟು ಮಾಡುವ ‘ಯೂನಕ್’ ಎಂಬ ಇಂಗ್ಲಿಷ್ ಪದವನ್ನು ಕಲಮಿನಿಂದ ತೆಗೆದದ್ದು 2016ರಲ್ಲಿ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂದು, ಗುರುತಿನ ಪ್ರಮಾಣಪತ್ರವನ್ನು ಜಿಲ್ಲಾಧಿಕಾರಿಯ ಕೈಗೆ ಕೊಟ್ಟಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿ ತಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರ ಜನವರಿಯಿಂದ ಜಾರಿಯಾದಾಗ, ಟ್ರಾನ್ಸ್ ಆಗಿರುವುದು ಮಾನಸಿಕ ಕಾಯಿಲೆಗಳ ಸಾಲಿನಿಂದ ಹೊರಬಂತು. ಹಾಗಾಗಿ 2005ರ ವೈದ್ಯನ ಬಾಯಲ್ಲಿ 2022ರ ಮಾತು ಬೇಡ.

ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೆ ಮುಂಚಿನ ಕಥೆಯಲ್ಲಿ ಬ್ಯಾಡಗಿಯ ಪಾತ್ರ ಜಿಲ್ಲಾ ಕಚೇರಿಗೆ ಧಾರವಾಡಕ್ಕೆ ಹೋಗಬೇಕು. ಒಂದು ಕುಚೋದ್ಯವನ್ನೂ ಬಳಸಿಕೊಳ್ಳಿ: ನಾಲ್ಸಾ ತೀರ್ಪು ಬಂದ 2014ರಲ್ಲೇ, ನವೆಂಬರ್ 1ರಂದು, ಹುಬ್ಬಳ್ಳಿ ಇಂಗ್ಲಿಷಿನಲ್ಲಿ ತನ್ನ ಹೆಸರಿನ ಕಾಗುಣಿತವನ್ನು ತಿದ್ದಿಸಿಕೊಂಡಿತು. ಇಡೀ ಊರಿಗೆ ಹೆಸರು ಬದಲಿಸಲು ಒಂದು ಅಧಿಸೂಚನೆ ಸಾಕಾಯಿತು, ಯಾರೂ ವೈದ್ಯರ ಚೀಟಿ ಕೇಳಲಿಲ್ಲ.

ಆರನೆಯ ಹೆಜ್ಜೆ: ಬೆಳೆಯುವುದು ಏನು?

‘ವ್ಯಕ್ತಿತ್ವದ ಬೆಳವಣಿಗೆ’ ಎಂದ ಕೂಡಲೇ ನಾವು ಒಂದು ತಪ್ಪು ಮಾಡುತ್ತೇವೆ. ಹೆಣ್ಣಾದದ್ದೇ ಅಥವಾ ಗಂಡಾದದ್ದೇ ಬೆಳವಣಿಗೆ ಎಂದುಕೊಳ್ಳುತ್ತೇವೆ. ನೀಲವ್ವ ಮೊದಲ ಪುಟದಲ್ಲೂ ಹೆಣ್ಣೇ. ಕೊನೆಯ ಪುಟದಲ್ಲಿ ಅವಳು ಹೆಚ್ಚು ಹೆಣ್ಣಾಗಿರುವುದಿಲ್ಲ. ಬೇರೇನೋ ಆಗಿರಬೇಕು: ಕಡಿಮೆ ಹೇಡಿ, ಹೆಚ್ಚು ಉದಾರಿ, ಒಳ್ಳೆಯ ಕಸುಬುದಾರಳು, ಅಥವಾ ನಿಮಗೆ ಧೈರ್ಯವಿದ್ದರೆ ಮೊದಲಿಗಿಂತ ಕೆಟ್ಟವಳು.

ಆದ್ದರಿಂದ ದೇಹದ ಬದಲಾವಣೆಯ ಘಟನೆಯನ್ನು ಕಥೆಯ ತುದಿಗೆ ಕಟ್ಟಬೇಡಿ. ಮೂರನೇ ಒಂದು ಭಾಗದಲ್ಲಿ ಅದು ಬಂದು ಹೋಗಲಿ, ಅಥವಾ ಕಥೆ ಶುರುವಾಗುವ ಮುಂಚೆಯೇ ಮುಗಿದಿರಲಿ. ಪಾತ್ರಕ್ಕೆ ಒಂದು ದೋಷ ಕೊಡಿ, ಲಿಂಗತ್ವಕ್ಕೆ ಸಂಬಂಧವೇ ಇಲ್ಲದ ದೋಷ. ನೀಲವ್ವನಿಗೆ ಸಾಲ ಮಾಡುವ ಚಟ, ಜೊತೆಗೆ ಉಪಕಾರ ಮಾಡಿದವರನ್ನು ತಪ್ಪಿಸಿಕೊಂಡು ಓಡಾಡುವ ಗುಣ. ಅವಳ ಬೆಳವಣಿಗೆ ಇಷ್ಟೇ: ಮುದ್ರಣಾಲಯದ ಮುದುಕನ ಬಾಕಿಯನ್ನು ತೀರಿಸಲು ತಾನೇ ನಡೆದು ಹೋಗುವುದು.

ಪಾತ್ರವನ್ನು ಕೊಲ್ಲಬೇಡಿ. ಓದುಗರ ಕಣ್ಣೀರಿಗಾಗಿ ಟ್ರಾನ್ಸ್ ಪಾತ್ರಗಳನ್ನು ರೈಲು ಹಳಿಗೆ, ಬಾವಿಗೆ, ಆಸ್ಪತ್ರೆಯ ಕೊನೆಯ ಮಂಚಕ್ಕೆ ಕಳುಹಿಸಿದ್ದು ಸಾಕಷ್ಟಾಯಿತು. ದೇವತೆಯನ್ನೂ ಮಾಡಬೇಡಿ. ಎಲ್ಲರನ್ನೂ ಕ್ಷಮಿಸುವ, ಎಲ್ಲರಿಗೂ ಬುದ್ಧಿ ಹೇಳುವ ಪಾತ್ರ ಸತ್ತದ್ದಕ್ಕಿಂತ ಕಡೆ. ಅವಳಿಗೆ ಹಸಿವಾಗಲಿ, ಸಿಟ್ಟು ಬರಲಿ, ಕೆಟ್ಟ ಸಿನಿಮಾ ಇಷ್ಟವಾಗಲಿ.

ಏಳನೆಯ ಹೆಜ್ಜೆ: ಊರನ್ನು ಅಲಂಕಾರಕ್ಕೆ ತರಬೇಡಿ

ಧಾರವಾಡ ಎಂದರೆ ಪೇಡೆ, ಮಳೆ, ಸಾಧನಕೇರಿ ಎಂದು ಬರೆದರೆ ಅಂಚೆಚೀಟಿಯಾಗುತ್ತದೆ. ಕಥೆಗೆ ಕೆಲಸ ಮಾಡುವ ವಿವರವನ್ನು ಮಾತ್ರ ಇಟ್ಟುಕೊಳ್ಳಿ. ಉದಾಹರಣೆಗೆ ಬ್ಯಾಡಗಿ ಮೆಣಸಿನಕಾಯಿ. ಅದಕ್ಕೆ ಬಣ್ಣ ಹೆಚ್ಚು, ಖಾರ ಕಡಿಮೆ. ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಅದರಿಂದ ತೆಗೆಯುವ ಕೆಂಪು ಸತ್ವ ತುಟಿಬಣ್ಣಕ್ಕೂ ಉಗುರುಬಣ್ಣಕ್ಕೂ ಹೋಗುತ್ತದೆ. ದಿನವಿಡೀ ಕೂತು ತೊಟ್ಟು ಬಿಡಿಸಿ, ಕೈಯುರಿಯಿಂದ ನಿದ್ದೆ ಬಾರದ ಒಂದು ಜೀವ, ಹಟ್ಟಿಯ ಹಿಂದೆ ಬಚ್ಚಿಟ್ಟ ತುಟಿಬಣ್ಣದ ಕಡ್ಡಿಯನ್ನು ಮೂಸಿ ನೋಡುತ್ತದೆ ಎಂದುಕೊಳ್ಳಿ. ಇದಕ್ಕೆ ಪವಾಡ ಬೇಕಾಗಿಯೂ ಇಲ್ಲ.

ಎಂಟನೆಯ ಹೆಜ್ಜೆ: ಓದಿಸಿ, ತಿದ್ದಿ

ಕರಡು ಮುಗಿದ ಮೇಲೆ ಕನಿಷ್ಠ ಇಬ್ಬರು ಟ್ರಾನ್ಸ್ ಓದುಗರಿಗೆ ಕೊಡಿ. ಒಬ್ಬರು ಸಾಲದು, ಏಕೆಂದರೆ ಒಬ್ಬರು ಇಡೀ ಸಮುದಾಯದ ಪರವಾಗಿ ಸಹಿ ಹಾಕಲಾರರು. ಮೆಚ್ಚುಗೆ ಕೇಳಬೇಡಿ, ಎಲ್ಲಿ ಪುಸ್ತಕ ಮುಚ್ಚಿಡಬೇಕೆನಿಸಿತು ಎಂದು ಕೇಳಿ. ಅವರು ಗುರುತು ಹಾಕಿದ ಪುಟಗಳನ್ನು ಒಂದು ವಾರ ಮುಟ್ಟದೆ ಇಟ್ಟು ಆಮೇಲೆ ತೆರೆಯಿರಿ. ಮೊದಲ ದಿನ ಎಲ್ಲ ಲೇಖಕರೂ ವಕೀಲರಾಗಿರುತ್ತಾರೆ.

ಎರಡನೆಯ ಕರಡನ್ನು ಅದೇ ಗೆಳತಿಗೆ ಕೊಟ್ಟೆ. ಅದೇ ಚಹಾದಂಗಡಿ, ಅದೇ ಮೇಜು. ಇನ್ನೂರ ಹನ್ನೆರಡನೆಯ ಪುಟದಲ್ಲಿ ಕೆಂಪು ಶಾಯಿಯ ಒಂದೇ ಒಂದು ವೃತ್ತವಿತ್ತು. ಕಂಪ್ಯೂಟರಿನಲ್ಲಿ ಮೂರು ಸಲ ಹುಡುಕಿ ಎಲ್ಲವನ್ನೂ ತಿದ್ದಿದ್ದೆನೆಂದು ನಂಬಿದ್ದೆ. ಆದರೂ ನೀಲವ್ವ ಸಾಲ ತೀರಿಸಿ ಮನೆಗೆ ಮರಳುವ ವಾಕ್ಯದ ಕೊನೆಯಲ್ಲಿ ಒಂದು ‘ಬಂದನು’ ಉಳಿದುಬಿಟ್ಟಿತ್ತು. ಆ ಹೊತ್ತಿಗೆ ಕಥೆಯಲ್ಲಿ ಹಳೆಯ ಹೆಸರು ಎಲ್ಲರ ನೆನಪಿನಿಂದಲೂ ಅಳಿಸಿಹೋಗಿದೆ, ತಾಯಿಯ ನೆನಪಿನಿಂದ ಕೂಡ.

"ಇದು ನಿನ್ನ ತಪ್ಪೋ, ಅವಳ ತಾಯಿಯದೋ?" ಎಂದು ಕೇಳಿದಳು.

ನನ್ನ ತಪ್ಪೇ ಆಗಿತ್ತು. ಈಗ ಆ ವಾಕ್ಯವನ್ನು ಕತ್ತಲಲ್ಲಿ, ಒಲೆಯ ಮುಂದೆ, ಯಾರಿಗೂ ಕೇಳಿಸದಂತೆ ತಾಯಿ ಹೇಳುತ್ತಾಳೆ. ಬಾಗಿಲಲ್ಲಿ ನಿಂತ ನೀಲವ್ವನಿಗೆ ಅದು ಕೇಳಿಸುತ್ತದೆ, ಅವಳು ತಿದ್ದುವುದಿಲ್ಲ, ಚಪ್ಪಲಿ ಬಿಟ್ಟು ಒಳಗೆ ಹೋಗಿ ತಟ್ಟೆ ಹಾಕಿಕೊಳ್ಳುತ್ತಾಳೆ.